ಆ ಮಾಡು ಅಷ್ಟೆತ್ತರ ಯಾಕೆ

ಮಡಿಕೇರಿ ಕೋಟೆಯೊಳಗಿನ ಸೇಂಟ್ ಮಾರ್ಕ್ಸ್ ಚರ್ಚ್ ನನಗೆ ಗೊತ್ತಿದ್ದದ್ದು ಮ್ಯೂಸಿಯಂ ಆಗಿಯೇ. 1850ರ ದಶಕದಲ್ಲಿ ಬ್ರಿಟಿಷರು ಕಟ್ಟಿಸಿದ ಕಟ್ಟಡ. ಅವರು ಹೊರಟುಹೋದ ಮೇಲೆ ಅಲ್ಲಿ ಪ್ರಾರ್ಥನೆ ನಿಂತಿತು. ವೀರಗಲ್ಲು, ಜೈನ ವಿಗ್ರಹ, ಹಳೆಯ ಆಯುಧಗಳು ಬಂದು ಸೇರಿದವು. ಮಳೆ ಜೋರಾದಾಗ ಶಾಲೆಯ ಚೀಲ ಹೊತ್ತೇ ಒಳಗೆ ನುಗ್ಗುತ್ತಿದ್ದೆವು. "ಮಾಡು ಇಷ್ಟೆತ್ತರ ಯಾಕಜ್ಜ?" ಎಂದು ಒಮ್ಮೆ ಅಜ್ಜನನ್ನು ಕೇಳಿದ್ದೆ. "ದೇವರ ಮನೆ ಅಲ್ವಾ ಮಗ" ಅಂದಿದ್ದರು.

ಆ ಉತ್ತರದ ಉಳಿದರ್ಧ ಸಿಕ್ಕಿದ್ದು ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ, ಒಂದು ನವೆಂಬರ್ ಸಂಜೆಯ ಈವನ್‌ಸಾಂಗ್‌ನಲ್ಲಿ. ಊರಲ್ಲಿ ಸುಗ್ಗಿಯ ಹಬ್ಬ ಹುತ್ತರಿಗೆ ದಿನ ಎಣಿಸುವ ಕಾಲ. ಈವನ್‌ಸಾಂಗ್ ಎಂದರೆ ಬಹುಪಾಲು ಹಾಡಿನಲ್ಲೇ ನಡೆಯುವ ಸಂಜೆಯ ಪ್ರಾರ್ಥನೆ. 1549ರಲ್ಲಿ ಆರ್ಚ್‌ಬಿಷಪ್ ಕ್ರಾನ್ಮರ್ ಲ್ಯಾಟಿನ್‌ನ ಎರಡು ಪ್ರಾರ್ಥನೆಗಳನ್ನು ಒಂದುಗೂಡಿಸಿ ಇಂಗ್ಲಿಷಿಗೆ ತಂದದ್ದು. ಟಿಕೆಟ್ಟಿಲ್ಲ, ಯಾವ ಧರ್ಮದವರೆಂದು ಯಾರೂ ಕೇಳುವುದಿಲ್ಲ.

ಹಾಡುಗಾರರು ಎರಡು ಪಂಗಡವಾಗಿ ಎದುರುಬದುರು ನಿಂತರು. ಕೀರ್ತನೆಯ ಒಂದು ಚರಣ ಈ ಬದಿಯವರದು, ಮುಂದಿನದು ಆ ಬದಿಯವರದು. ಮುಂದಿನ ಸಾಲಿನ ಪುಟ್ಟ ಹುಡುಗ ಸರದಿ ಬರುವ ಮೊದಲು ಹೆಗಲೆತ್ತಿ ಉಸಿರು ತುಂಬಿಕೊಳ್ಳುತ್ತಿದ್ದ. ನನಗೆ ಥಟ್ಟನೆ ನಮ್ಮ ಕೊಡವರ ದುಡಿಕೊಟ್ಟ್ ಪಾಟ್, ದುಡಿ ಎಂಬ ಪುಟ್ಟ ಚರ್ಮವಾದ್ಯ ಬಾರಿಸುತ್ತ ಹಾಡುವ ಹಾಡು, ನೆನಪಾಯಿತು. ನಾಲ್ವರು ಗಂಡಸರು; ಇಬ್ಬರು ಹಾಡಿದ ಸಾಲನ್ನು ಇನ್ನಿಬ್ಬರು ಎತ್ತಿಕೊಳ್ಳುವುದು, ಎಡಗೈ ದುಡಿಯ ಹುರಿಯನ್ನು ಅದುಮಿದಂತೆ ದನಿ ಏರಿಳಿಯುವುದು. ಇಲ್ಲಿ ಸಾಲು ಮರಳುವುದಿಲ್ಲ, ಮುಂದೆ ಸಾಗುತ್ತದೆ. ಆದರೂ ಒಬ್ಬರ ಉಸಿರು ಮುಗಿದಲ್ಲಿ ಇನ್ನೊಬ್ಬರದು ಶುರುವಾಗುವ ಆ ನಂಬಿಕೆ ಒಂದೇ.

ನಮ್ಮ ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ ಕಾಶಿಯಲ್ಲಿ ಹುಟ್ಟಿ, 1852ರಲ್ಲಿ ವಿಕ್ಟೋರಿಯಾ ರಾಣಿಯ ಆಶ್ರಯದಲ್ಲಿ ದೀಕ್ಷಾಸ್ನಾನ ಪಡೆದು, 1864ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡವಳು. ಇಂಥ ಹಾಡು ಅವಳ ಕಿವಿಗೆ ಬಿದ್ದಿದ್ದೀತು. ದುಡಿಯ ದನಿ ಬಿದ್ದಿತ್ತೇ ಎಂದು ಯೋಚಿಸುತ್ತ ಕೂತೆ.

ಅಷ್ಟು ಹೊತ್ತು ಹಾಡಿನ ಹಿಂದೆ ಮೆಲ್ಲಗಿದ್ದ ಆರ್ಗನ್ ಕೊನೆಗೆ ಬಾಯಿಬಿಟ್ಟಿತು. 1872ರಲ್ಲಿ ಹೆನ್ರಿ ವಿಲ್ಲಿಸ್ ಕಟ್ಟಿದ, ಈಗ ಏಳು ಸಾವಿರಕ್ಕೂ ಹೆಚ್ಚು ಕೊಳವೆಗಳಿರುವ ವಾದ್ಯ. ಒಂದೊಂದು ಕೊಳವೆಗೆ ಒಂದೇ ಸ್ವರ. 32 ಅಡಿಯ ಕೊಳವೆಯ ಅತಿ ತಗ್ಗಿನ ಸ್ವರ ಸೆಕೆಂಡಿಗೆ ಸುಮಾರು 16 ಸಲವಷ್ಟೇ ಕಂಪಿಸುತ್ತದೆ. ಅದು ಕಿವಿಗಿಂತ ಮೊದಲು ಮೈಗೆ ತಾಗುತ್ತದೆ. ಕೂತ ಕುರ್ಚಿ ಸಣ್ಣಗೆ ನಡುಗಿತು. ನುಡಿಸುವವರ ಕೈ ನಿಂತ ಮೇಲೂ ನಾದ ಗುಮ್ಮಟದಡಿ ಎಷ್ಟೋ ಸೆಕೆಂಡು ಸುತ್ತುತ್ತಿತ್ತು.

ಆಮೇಲೊಮ್ಮೆ ಊರಿಗೆ ಹೋದಾಗ ವೀರಗಲ್ಲುಗಳ ನಡುವೆ ನಿಂತು, ಅಕ್ಕಪಕ್ಕ ಯಾರೂ ಇಲ್ಲದ್ದು ನೋಡಿ, ಮೆಲ್ಲಗೆ ಒಂದು ಸ್ವರ ಹಿಡಿದೆ. ಬಾಗಿಲ ಬಳಿಯ ಕಾವಲಿನವರು ತಿರುಗಿ ನೋಡಿದರು, ಏನೂ ಅನ್ನಲಿಲ್ಲ. ನಾನು ನಿಲ್ಲಿಸಿದ ಮೇಲೂ ಅದು ಒಂದು ಗಳಿಗೆ ಮಾಡಿನ ಕೆಳಗೆ ಉಳಿದಿತ್ತು.