ಇನ್ನೊಬ್ಬರ ನೋವನ್ನು ನೋಡುವುದು



ನಮ್ಮ ಯುವಜನ ಬಳಗದಲ್ಲಿ ನಾಲ್ಕೈದು ಮಂದಿ ಓದಿಗೋ ಕೆಲಸಕ್ಕೋ ಬೆಂಗಳೂರಿನಲ್ಲಿದ್ದು ಬಂದವರು. ಅಲ್ಲಿದ್ದಾಗ ಭಾನುವಾರದ ಬಲಿಪೂಜೆ ಮುಗಿಸಿಕೊಂಡು ಚಿತ್ರಪ್ರದರ್ಶನಕ್ಕೋ ನಾಟಕಕ್ಕೋ ಹೋಗುವ ರೂಢಿ ನಮಗೆ ಬೆಳೆಯಿತು. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು, ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಜೆ.ಪಿ. ನಗರದ ರಂಗಶಂಕರ, ಹೀಗೆ. ಈಗಲೂ ನಮ್ಮಲ್ಲಿ ಯಾರಾದರೊಬ್ಬರು ಕರ್ನೂಲಿನಲ್ಲಿ ರಾತ್ರಿ ರೈಲು ಹತ್ತಿ ಹೋಗಿ ನೋಡಿ ಬರುತ್ತೇವೆ. ನೋಡಿದವರು ಬಂದು ಉಳಿದವರಿಗೆ ಹೇಳಬೇಕು ಎಂಬುದು ನಮ್ಮೊಳಗಿನ ಒಪ್ಪಂದ. ಅಷ್ಟು ದೂರ ಹೋಗಿ ಗೋಡೆ ನೋಡಿ ಬರ್ತೀರೇನು ಎಂದು ಮನೆಯಲ್ಲಿ ನಗುತ್ತಾರೆ.

ಅಂಥ ಒಂದು ಗ್ಯಾಲರಿಯ ಗೋಡೆಯ ಮೇಲೆ ಒಂದು ದೊಡ್ಡ ಫೋಟೋ ನೋಡಿದೆವು. ಲಾರಿಯ ಹಿಂಭಾಗ, ಅದರ ತುಂಬ ಹೆಂಗಸರು, ಮಕ್ಕಳು, ಗಂಟುಗಳು, ಪಾತ್ರೆಗಳು. ಕೆಳಗೆ ‘ವಲಸೆ’ ಎಂದಿತ್ತು. ಊರಿಲ್ಲ, ಹೆಸರಿಲ್ಲ. ಬೆಳಕು ಬಹಳ ಚೆನ್ನಾಗಿ ಬಿದ್ದಿತ್ತು. ಪಕ್ಕದಲ್ಲಿ ನಿಂತವರು ಬಣ್ಣದ ಬಗ್ಗೆ ಮಾತಾಡಿಕೊಳ್ಳುತ್ತಿದ್ದರು. ನಮ್ಮ ಕಣ್ಣು ಮಾತ್ರ ಆ ಗಂಟುಗಳ ಮೇಲೆಯೇ ನಿಂತಿತು. ನಮ್ಮ ಊರಿನ ಕಡೆಯದೇ ಚಿತ್ರ ಎನ್ನಿಸಿತು.

ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆ ಕಡೆಯ ಕನ್ನಡಿಗರಿಗೆ ಸುಗ್ಗಿ ಎಂದರೆ ಹಬ್ಬ, ಹಾಡು. ನಮ್ಮ ಈ ಭಾಗದಲ್ಲಿ ‘ಸುಗ್ಗಿಗೆ ಹೋಗ್ಯಾರ’ ಎಂದರೆ ಮನೆಗೆ ಬೀಗ ಬಿದ್ದಿದೆ, ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು ಹೋಗಿದ್ದಾರೆ ಎಂದು ಅರ್ಥ. ಅದು ತಪಸ್ಸು ಕಾಲದ ಹೊತ್ತಿಗೇ ಬರುತ್ತದೆ. ಗುಡಿಯಲ್ಲಿ ಬೆಂಚುಗಳು ಖಾಲಿಯಾಗುವುದೂ ಆಗಲೇ.

ಆ ಫೋಟೋವನ್ನು ಮೊಬೈಲಿನಲ್ಲಿ ಹಿಡಿದು ತಂದು ನಮ್ಮ ಓಣಿಯ ಒಬ್ಬ ಅವ್ವನಿಗೆ ತೋರಿಸಿದೆವು. ಅವರು ಬಹಳ ಹೊತ್ತು ನೋಡಿದರು. ಆಮೇಲೆ, "ಆಕೀನ ಕೇಳಿ ತಗದಾರೇನಪ್ಪಾ?" ಎಂದರು. ನಮಗೆ ಗೊತ್ತಿರಲಿಲ್ಲ. ಆ ಪ್ರಶ್ನೆ ಅಲ್ಲಿ ನಮಗೆ ಹೊಳೆದೂ ಇರಲಿಲ್ಲ.

ಇನ್ನೊಬ್ಬರ ನೋವನ್ನು ಕಲೆಯಾಗಿ ನೋಡುವುದು, ಕಲೆಯಾಗಿ ತೋರಿಸುವುದು ಸರಿಯೇ? ಈ ಪ್ರಶ್ನೆ ಹಳೆಯದು. ಸಂತ ಅಗಸ್ಟಿನರು ತಗಾಸ್ತೆ ಎಂಬ ಸಣ್ಣ ಊರಿನಿಂದ ಕಾರ್ಥೇಜ್ ಎಂಬ ದೊಡ್ಡ ಪಟ್ಟಣಕ್ಕೆ ಓದಲು ಹೋದಾಗ ನಮ್ಮ ಹಾಗೆಯೇ ನಾಟಕಗಳ ಹುಚ್ಚು ಹಿಡಿಸಿಕೊಂಡಿದ್ದರು. ತಮ್ಮ ಆತ್ಮಕಥನದ ಮೂರನೆಯ ಭಾಗದಲ್ಲಿ ಅದನ್ನು ನೆನೆದು ತಮ್ಮನ್ನೇ ವಿಚಾರಣೆ ಮಾಡಿಕೊಳ್ಳುತ್ತಾರೆ. ತನಗೆ ಬರಬಾರದೆಂದು ಬಯಸುವ ದುಃಖವನ್ನು ಮನುಷ್ಯ ರಂಗದ ಮೇಲೆ ಯಾಕೆ ಹುಡುಕಿಕೊಂಡು ಹೋಗುತ್ತಾನೆ? ಅತ್ತು ಯಾಕೆ ಸಂತೋಷಪಡುತ್ತಾನೆ? ಅಲ್ಲಿ ಪ್ರೇಕ್ಷಕನನ್ನು ಯಾರೂ ಸಹಾಯಕ್ಕೆ ಕರೆಯುವುದಿಲ್ಲ, ಮರುಗಲು ಮಾತ್ರ ಕರೆಯುತ್ತಾರೆ ಎಂಬುದು ಅವರ ಆಕ್ಷೇಪ. ಇದನ್ನು ಓದಿದಾಗ ನಮಗೆ ನಾಚಿಕೆಯಾಯಿತು. ಎಷ್ಟೋ ನಾಟಕ ನೋಡಿ ಕತ್ತಲಲ್ಲಿ ಕಣ್ಣೊರೆಸಿಕೊಂಡು, ಹೊರಗೆ ಬಂದು ಕಾಫಿ ಕುಡಿದು, ಚೆನ್ನಾಗಿತ್ತು ಎಂದವರು ನಾವು.

ಆದರೂ ಅಗಸ್ಟಿನರ ಮಾತನ್ನು ಪೂರ್ತಿ ಒಪ್ಪಲು ನಮ್ಮಿಂದ ಆಗುವುದಿಲ್ಲ. 1943ರ ಬಂಗಾಳದ ಬರಗಾಲದಲ್ಲಿ ಚಿತ್ತಪ್ರಸಾದ್ ಎಂಬ ಕಲಾವಿದರು ಮಿಡ್ನಾಪುರ ಜಿಲ್ಲೆಯ ಹಳ್ಳಿಗಳನ್ನು ಸುತ್ತಿ, ಹಸಿದವರ ಚಿತ್ರ ಬರೆದು, ‘ಹಂಗ್ರಿ ಬೆಂಗಾಲ್’ ಎಂಬ ಪುಸ್ತಿಕೆ ಮಾಡಿದರು. ಬ್ರಿಟಿಷ್ ಸರ್ಕಾರ ಅದರ ಪ್ರತಿಗಳನ್ನು ವಶಪಡಿಸಿಕೊಂಡು ನಾಶಮಾಡಿತು. ಬರೀ ನೋಡುವುದು ವ್ಯರ್ಥವಾಗಿದ್ದರೆ ಸರ್ಕಾರ ಅಷ್ಟು ಹೆದರಬೇಕಿತ್ತೇ? ಅವರ ಕೆಲಸದಲ್ಲಿ ನಮಗೆ ಮುಖ್ಯವೆನಿಸಿದ್ದು ಇನ್ನೊಂದು: ತಾವು ಬರೆದವರ ಹೆಸರು, ಪಾಡು, ಪರಿಸ್ಥಿತಿಯನ್ನು ಅವರು ಗುರುತು ಮಾಡಿಕೊಳ್ಳುತ್ತಿದ್ದರು. ಕನ್ನಡದಲ್ಲೂ ಇಂಥದ್ದು ನಡೆದಿದೆ. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ದಲಿತ ಕೂಲಿಕಾರರ ಕೊಲೆಯಾದ ಮೇಲೆ ‘ಸಮುದಾಯ’ ತಂಡ ಅದನ್ನು ಬೀದಿನಾಟಕ ಮಾಡಿ ಊರೂರಿಗೆ ಒಯ್ದಿತು. ಸತ್ತವರನ್ನು ಕೇಳಲು ಸಾಧ್ಯವಿರಲಿಲ್ಲ. ಕೇಳಲಾಗದು ಎಂದು ಸುಮ್ಮನಿದ್ದಿದ್ದರೆ ಕೊಂದವರಿಗೇ ಅನುಕೂಲವಾಗುತ್ತಿತ್ತು.

ಹೀಗೆ ಬೇರೆಯವರ ತಪ್ಪು ಒಪ್ಪು ತೂಗುವುದು ಸುಲಭ. ನಮ್ಮದೇ ಒಂದು ತಪ್ಪನ್ನು ಇಲ್ಲಿ ಹೇಳಬೇಕು.

ಕಳೆದ ವರ್ಷದ ಶುಭ ಶುಕ್ರವಾರ ನಾವು ಶಿಲುಬೆ ಹಾದಿಯನ್ನು ಹೊಸ ರೀತಿಯಲ್ಲಿ ಆಡಿ ತೋರಿಸಿದೆವು. ಬೆಂಗಳೂರಿನಲ್ಲಿ ನೋಡಿದ ನಾಟಕಗಳ ಪ್ರಭಾವ ನಮ್ಮ ಮೇಲಿತ್ತು, ಸ್ವಲ್ಪ ಜಂಬವೂ ಇತ್ತು. ಎಂಟನೆಯ ಸ್ಥಳದಲ್ಲಿ ಯೇಸುಸ್ವಾಮಿಯನ್ನು ಕಂಡು ಅಳುವ ಜೆರುಸಲೇಮಿನ ಹೆಂಗಸರನ್ನು ಸುಗ್ಗಿಗೆ ಹೋದ ಹೆಂಗಸರಾಗಿ ಮಾಡಿದೆವು. ಲಾರಿ ಉರುಳುತ್ತದೆ, ಒಬ್ಬಳ ಗಂಡ ಸಾಯುತ್ತಾನೆ, ಅವಳು ಎದೆ ಬಡಿದುಕೊಂಡು ಕೂಗುತ್ತಾಳೆ. ಜನ ಅತ್ತರು. ಆದರೆ ನಡುವೆಯೇ ಒಬ್ಬ ಅಕ್ಕ ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಅದು ಅವರ ಕಥೆಯಾಗಿತ್ತು. ನಾವು ಹೆಸರು ಹೇಳಿರಲಿಲ್ಲ, ನಿಜ. ಚಿತ್ತಪ್ರಸಾದರ ಚಿತ್ರ ದೂರದವರು ನೋಡುವಂಥದ್ದು, ಅಲ್ಲಿ ಹೆಸರು ಬರೆಯುವುದೇ ಮರ್ಯಾದೆ. ನಮ್ಮಂಥ ಊರಲ್ಲಿ ಹೆಸರು ಹೇಳದಿದ್ದರೂ ಎಲ್ಲರಿಗೂ ಗೊತ್ತು.

ಒಂದು ವಾರ ಕಳೆದು ಧೈರ್ಯ ಮಾಡಿ ಅವರ ಮನೆಗೆ ಹೋದೆವು. ಬೈಯುತ್ತಾರೆಂದು ಎಣಿಸಿದ್ದೆವು. ನೀರು ಕೊಟ್ಟು ಕೂಡಿಸಿದರು. "ಆಡಿದ್ದು ತಪ್ಪಂತ ಅಲ್ಲ ತಮ್ಮಾ. ಅವತ್ತು ನಾ ಕೂಗಿರಲಿಲ್ಲ. ಬಾಯಾಗ ಧ್ವನೀನ ಇರಲಿಲ್ಲ. ನನ್ನ ಕೇಳಿದ್ರ ನಾನ ಹೇಳ್ತಿದ್ದೆ" ಎಂದರು.

ಅಂದಿನಿಂದ ನಮ್ಮ ಬಳಗದಲ್ಲಿ ವಾದ ನಡೆದೇ ಇದೆ. ಇನ್ನು ಮುಂದೆ ಹಳೆಯ ರೀತಿಯಲ್ಲೇ ಆಡೋಣ, ಯಾರಿಗೂ ನೋವಾಗದು ಎಂದು ಕೆಲವರು. ಹಾಗಾದರೆ ಎರಡು ಸಾವಿರ ವರ್ಷದ ಹಿಂದಿನ ನೋವಿಗೆ ಮಾತ್ರ ಅಳೋಣವೇ ಎಂದು ಇನ್ನು ಕೆಲವರು. ನಮ್ಮಲ್ಲಿ ಬಿ.ಎಸ್ಸಿ. ಓದಿದವರು ಥರ್ಮಾಮೀಟರಿನ ಮಾತು ತಂದರು. ಬಿಸಿನೀರಿಗೆ ಅದನ್ನು ಅದ್ದಿದರೆ ಅದು ನೀರಿನ ಶಾಖವನ್ನು ಅಳೆಯುವುದಷ್ಟೇ ಅಲ್ಲ, ಅದರಲ್ಲಿ ತುಸುವನ್ನು ತಾನೂ ತೆಗೆದುಕೊಳ್ಳುತ್ತದೆ. ನೀರು ಕೊಳದಷ್ಟಿದ್ದರೆ ಚಿಂತೆಯಿಲ್ಲ, ಒಂದು ಚಮಚದಷ್ಟೇ ಇದ್ದರೆ?

ಆಗ ಆರನೆಯ ಸ್ಥಳ ನಮಗೆ ಬೇರೆಯಾಗಿ ಕಾಣತೊಡಗಿತು. ವೆರೋನಿಕಳ ಹೆಸರು ಶುಭಸಂದೇಶಗಳಲ್ಲಿಲ್ಲ, ಪರಂಪರೆ ಕೊಟ್ಟದ್ದು. ಆಕೆ ಯೇಸುಸ್ವಾಮಿಯ ಮುಖದ ಚಿತ್ರ ಬೇಕೆಂದು ಬಟ್ಟೆ ಹಿಡಿದು ಹೋದವಳಲ್ಲ. ಬೆವರು, ರಕ್ತ ಒರೆಸಲು ಸೈನಿಕರ ನಡುವೆ ನುಗ್ಗಿ ಹೋದಳು. ಚಿತ್ರ ಆಮೇಲೆ ಸಿಕ್ಕಿತು, ಅದೂ ಅವರೇ ಕೊಟ್ಟದ್ದು. ನಾವು ಮೊದಲು ಚಿತ್ರಕ್ಕೆ ಕೈಚಾಚಿದ್ದೆವು. ಆ ಅಕ್ಕನ ಮನೆಗೆ ಒಂದು ವಾರ ತಡವಾಗಿ ಅಲ್ಲ, ಒಂದು ತಿಂಗಳು ಮುಂಚೆ ಹೋಗಬೇಕಿತ್ತು. ಆಗ ಅವರು ಬೇಡ ಎಂದಿದ್ದರೆ ನಾವು ಬಿಡುತ್ತಿದ್ದೆವೇ? ಪ್ರಾಮಾಣಿಕವಾಗಿ ಹೇಳುವುದಾದರೆ, ದೃಶ್ಯ ಅಷ್ಟು ಚೆನ್ನಾಗಿ ಬಂದಿತ್ತು, ಬಿಡಲು ಕಷ್ಟವಾಗುತ್ತಿತ್ತು.

ಈ ಬರಹದಲ್ಲಿ ಅವರ ಮಾತನ್ನು ಹಾಕಬಹುದೇ ಎಂದು ಈ ಸಲ ಮೊದಲೇ ಕೇಳಿದೆವು. ಬರೀರಿ, ಹೆಸರು ಬ್ಯಾಡ ಎಂದರು. ಈ ವರ್ಷದ ಶಿಲುಬೆ ಹಾದಿಯ ಅಭ್ಯಾಸಕ್ಕೂ ಕರೆದೆವು. ಮೊದಲ ದಿನ ಬಾಗಿಲ ಹತ್ತಿರ ಸುಮ್ಮನೆ ಕೂತಿದ್ದರು. ಎಂಟನೆಯ ಸ್ಥಳ ಬಂದಾಗ ಎದ್ದು ಬಂದು, ನಮ್ಮ ಹುಡುಗಿಯ ತಲೆಯ ಮೇಲಿನ ಗಂಟನ್ನು ಇಳಿಸಿ ಬಿಚ್ಚಿದರು. "ಲಾರಿ ಹತ್ತೋರು ಹಿಂಗ ಕಟ್ಟಂಗಿಲ್ಲ. ಪಾತ್ರಿ ಒಳಗ ಇರಬೇಕು, ಹಾಸಿಗಿ ಸುತ್ತ ಬರಬೇಕು" ಎಂದು ನೆಲದ ಮೇಲೆ ಕೂತು ಮೊದಲಿಂದ ಕಟ್ಟತೊಡಗಿದರು.