ಸಲ್ಲೇಖನೆಯೂ ನ್ಯಾಯಾಲಯದ ಪ್ರಶ್ನೆಯೂ



ಗೃಹಸ್ಥನು ಆಯುಷ್ಯದುದ್ದಕ್ಕೂ ಪಾಲಿಸಿದ ವ್ರತಗಳಿಗೆ ಸಲ್ಲೇಖನೆಯೇ ಕಲಶಪ್ರಾಯವೆಂದು ನಮ್ಮ ಹಿರಿಯರು ಭಾವಿಸುತ್ತ ಬಂದಿದ್ದಾರೆ. ಅದನ್ನು ರಾಜಸ್ಥಾನದ ಉಚ್ಚ ನ್ಯಾಯಾಲಯವು 2015ರ ಆಗಸ್ಟ್ 10ರಂದು ಆತ್ಮಹತ್ಯೆಯ ಸಾಲಿಗೆ ಸೇರಿಸಿತು. ಈ ಆಚರಣೆಯು ಜೈನಧರ್ಮಕ್ಕೆ ಅತ್ಯವಶ್ಯವೆಂಬುದು ಸಿದ್ಧವಾಗಿಲ್ಲವೆಂದೂ, ವ್ರತಿಯನ್ನು ದಂಡಸಂಹಿತೆಯ 309ನೆಯ ಕಲಮಿನಡಿಯಲ್ಲಿ, ನೆರವಾದವರನ್ನು 306ನೆಯ ಕಲಮಿನಡಿಯಲ್ಲಿ ನೋಡಬೇಕೆಂದೂ ಅದು ನಿರ್ಣಯಿಸಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ತಡೆಯಾಜ್ಞೆಯನ್ನಿತ್ತಿತು. ಅಲ್ಲಿಗೆ ನಮ್ಮಲ್ಲಿ ಬಹುಮಂದಿ ನಿಶ್ಚಿಂತರಾದರು. ಆದರೆ ತಡೆಯಾಜ್ಞೆಯು ಗುಣದೋಷಗಳ ಮೇಲಿನ ತೀರ್ಪಲ್ಲವೆಂಬುದನ್ನು ಮರೆಯಲಾಗದು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೆಯ ಕಲಮು ಇಲ್ಲ. ಪ್ರಚೋದನೆಯ ಅಪರಾಧವಾದರೋ 108ನೆಯ ಕಲಮಿನಲ್ಲಿ ಹಾಗೆಯೇ ಉಳಿದಿದೆ. ಎಂದರೆ, ಕಾನೂನಿನ ದೃಷ್ಟಿಯು ಮಲಗಿದವರ ಮೇಲಿಂದ ಸರಿದು ಹಾಸಿಗೆಯ ಸುತ್ತ ನಿಂತವರ ಮೇಲೆ ನೆಟ್ಟಿದೆ. ಇದು ಯಾರ ಇಚ್ಛೆ ಎಂಬುದೇ ಅದರ ಪ್ರಶ್ನೆ.

ಈ ಪ್ರಶ್ನೆ ನಮ್ಮ ಶಾಸ್ತ್ರಕ್ಕೆ ಹೊಸತಲ್ಲ. ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವು ಪರಿಹಾರವಿಲ್ಲದ ಸ್ಥಿತಿಗೆ ಬಂದಾಗ ಮಾತ್ರವೇ ಸಲ್ಲೇಖನೆಗೆ ಅವಕಾಶವೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿದ್ದಾರೆ. ಮೊದಲು ಸ್ನೇಹ, ವೈರಗಳನ್ನು ತೊರೆದು, ಬಂಧುಗಳನ್ನು ಕ್ಷಮಿಸಿ, ಅವರಿಂದ ಕ್ಷಮೆ ಬೇಡಬೇಕು. ಆಹಾರವನ್ನು ಕುಗ್ಗಿಸುವುದು ಆ ಬಳಿಕದ ಮಾತು, ಅದೂ ಕ್ರಮಕ್ರಮವಾಗಿ. ಸಲ್ಲೇಖನೆಯ ಐದು ಅತಿಚಾರಗಳಲ್ಲಿ ಜೀವಿತಾಶಂಸೆಯ ಜೊತೆಗೇ ಮರಣಾಶಂಸೆಯೂ ಸೇರಿದೆ. ಬೇಗ ಸಾಯಬೇಕೆಂಬ ಆಸೆಯೇ ವ್ರತಕ್ಕೆ ಕಳಂಕ! ಆತ್ಮಹತ್ಯೆಯ ಆಪಾದನೆಗೆ ಇದಕ್ಕಿಂತ ನೇರವಾದ ಉತ್ತರವು ವಕೀಲರ ಬಳಿಯೂ ದೊರೆಯಲಾರದು.

ನಮ್ಮ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಗೆ ಹೋದವರು ಜಕ್ಕಿಯಬ್ಬೆಯ ಶಾಸನದ ವಿಷಯ ಕೇಳಿರಬಹುದು. ಹತ್ತನೆಯ ಶತಮಾನದ ಆರಂಭದಲ್ಲಿ, ಪತಿಯ ಮರಣಾನಂತರ ನಾಗರಖಂಡ ಎಪ್ಪತ್ತನ್ನು ಆಳಿದ ಧೀರೆ ಆಕೆ. ರೋಗವು ದೇಹವನ್ನು ಆವರಿಸಿದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಸದಿಯಲ್ಲಿ ವ್ರತ ಹಿಡಿದು ದೇಹವಿಟ್ಟಳು. ನಾಡನ್ನೇ ಆಳಿದವಳ ಮೇಲೆ ಒತ್ತಡ ತರುವವರಾರು?

ಇಂದಿನ ಸ್ಥಿತಿ ಹಾಗಿಲ್ಲ. ವಿದ್ಯಾನಗರದಂತಹ ಬಡಾವಣೆಗಳಲ್ಲಿ ಮಕ್ಕಳು ಬೆಂಗಳೂರಿನಲ್ಲೋ ಪರದೇಶದಲ್ಲೋ ನೆಲಸಿ, ವೃದ್ಧ ತಾಯಿತಂದೆಗಳಿಬ್ಬರೇ ಉಳಿದಿರುವ ಮನೆಗಳಿವೆ. ಅಂತಹ ಮನೆಯ ಅಜ್ಜನು "ನನಗಿನ್ನು ಸಾಕಪ್ಪಾ, ಅನ್ನ ಬಿಟ್ಟುಬಿಡುತ್ತೇನೆ" ಎಂದರೆ ಅದನ್ನು ವೈರಾಗ್ಯವೆಂದು ಕೊಂಡಾಡಲು ಅವಸರಪಡಬೇಡಿ. ಅದು ಒಂಟಿತನದ ಮಾತಾಗಿರಬಹುದು, ಮಕ್ಕಳಿಗೆ ಹೊರೆಯಾದೆನೆಂಬ ಸಂಕಟವಾಗಿರಬಹುದು, ಚಿಕಿತ್ಸೆಯಿಂದ ನೀಗುವ ನೋವೂ ಆಗಿರಬಹುದು. ಮೊದಲು ವೈದ್ಯರನ್ನು ಕರೆಯಿರಿ. ಹತ್ತು ದಿನ ಬಂದು ಬಳಿಯಲ್ಲಿ ಕುಳಿತುಕೊಳ್ಳಿರಿ. ಆಮೇಲೂ ನಿಶ್ಚಯವು ಕದಲದೆ, ರೋಗಕ್ಕೆ ಪರಿಹಾರವೂ ಇಲ್ಲವೆಂದಾದರೆ ಗುರುಗಳ ಸನ್ನಿಧಿಯಲ್ಲಿ ನಿವೇದಿಸಿಕೊಳ್ಳಲಿ. ಒಪ್ಪುವ, ನಿರಾಕರಿಸುವ ಅಧಿಕಾರ ಅವರದು. ಮಕ್ಕಳದಲ್ಲ, ಸೊಸೆಯಂದಿರದಲ್ಲ, ಸಮಾಜದ ಪದಾಧಿಕಾರಿಗಳದಂತೂ ಅಲ್ಲವೇ ಅಲ್ಲ.

2025ರ ಮಾರ್ಚಿನಲ್ಲಿ ಇಂದೋರಿನಲ್ಲಿ ಮೆದುಳಿನ ಗಡ್ಡೆಯಿಂದ ಬಳಲುತ್ತಿದ್ದ ಮೂರು ವರ್ಷದ ಮಗುವಿಗೆ ಸಂಥಾರಾ ಕೊಡಿಸಿದ ಸಂಗತಿಯು ಮಧ್ಯಪ್ರದೇಶದ ಉಚ್ಚ ನ್ಯಾಯಾಲಯದ ಮುಂದೆ ಬಂದಿತು. ಆ ತಾಯಿತಂದೆಗಳ ದುಃಖವನ್ನು ಅಳೆಯಲು ನಾವಾರೂ ಯೋಗ್ಯರಲ್ಲ. ಆದರೂ ವ್ರತವೆಂಬುದು ತಿಳಿದು ಮಾಡುವ ಸಂಕಲ್ಪ. ಸಂಕಲ್ಪಿಸಲಾರದ ಶಿಶುವಿನ ಪರವಾಗಿ ಇನ್ನೊಬ್ಬರು ಅದನ್ನು ಕೈಗೊಳ್ಳಲು ಹೇಗೆ ತಾನೇ ಸಾಧ್ಯ?

ಇನ್ನು ಯಂತ್ರಗಳ ನಡುವೆ ಪ್ರಾಣ ಬಿಡಲೊಲ್ಲದ ಹಿರಿಯರಿಗೆ ಬೇರೊಂದು ದಾರಿಯಿದೆ. ವಾಸಿಯಾಗದ ಅಂತಿಮಾವಸ್ಥೆಯಲ್ಲಿ ಜೀವರಕ್ಷಕ ಚಿಕಿತ್ಸೆ ಬೇಡವೆಂದು ಮುಂಚಿತವಾಗಿ ಬರೆದಿಡುವುದನ್ನು ಸರ್ವೋಚ್ಚ ನ್ಯಾಯಾಲಯದ ಐವರ ಪೀಠವು 2018ರ ಮಾರ್ಚ್ 9ರಂದು ಮಾನ್ಯಮಾಡಿ, 2023ರ ಜನವರಿಯಲ್ಲಿ ಕ್ರಮವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರಾಯಿತು. ಇದು ಸಲ್ಲೇಖನೆಯಲ್ಲ, ಅದರ ಬದಲೂ ಅಲ್ಲ. ಆದರೆ ನಾಲಗೆ ನಿಂತ ಮೇಲೆ ಅಪ್ಪನ ಇಚ್ಛೆಯೇನಿತ್ತೆಂದು ಮಕ್ಕಳು ತಮ್ಮತಮ್ಮಲ್ಲೇ ವಾದಿಸುವುದು ತಪ್ಪುತ್ತದೆ. ಬರೆಯುವುದು ಎಚ್ಚರವಿರುವಾಗಲೇ ಆಗಬೇಕು. ಮನೆಯವರೆಲ್ಲರೂ ಒಮ್ಮೆ ಓದಿರಬೇಕು.