ಎಚ್ಚರವಾದರೆ ಇಲ್ಲವಾಗುವ ದ್ವೀಪ

ನಿಂಟೆಂಡೊ ಕಂಪನಿ 1989ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಗೇಮ್ ಬಾಯ್, ನಾಲ್ಕು ಪೆನ್‌ಸೆಲ್‌ಗಳಿಂದ ನಡೆಯುವ, ನಾಲ್ಕೇ ಛಾಯೆಗಳನ್ನು ತೋರಿಸಬಲ್ಲ ಪುಟ್ಟ ಯಂತ್ರ. ಅದಕ್ಕಾಗಿ 1993ರಲ್ಲಿ ಬಂದ ‘ದಿ ಲೆಜೆಂಡ್ ಆಫ್ ಜೆಲ್ಡಾ: ಲಿಂಕ್ಸ್ ಅವೇಕನಿಂಗ್’ ಎಂಬ ಆಟವು ವೇದಾಂತಿಗಳು ಶತಮಾನಗಳಿಂದ ವಾದಿಸುತ್ತ ಬಂದ ಪ್ರಶ್ನೆಯೊಂದನ್ನು ಮಕ್ಕಳ ಕೈಗಿತ್ತಿತು. ಹಡಗು ಒಡೆದು ಲಿಂಕ್ ಎಂಬವನು ಕೊಹೊಲಿಂಟ್ ದ್ವೀಪದ ದಡಕ್ಕೆ ಬಂದು ಬೀಳುತ್ತಾನೆ. ಮ್ಯಾರಿನ್ ಎಂಬ ಹುಡುಗಿ ಅವನನ್ನು ಕಂಡು ಮನೆಗೆ ತಂದು ಉಪಚರಿಸುತ್ತಾಳೆ. ಅಲ್ಲಿಂದ ಹೊರಡಬೇಕಾದರೆ ಎಂಟು ವಾದ್ಯಗಳನ್ನು ಕೂಡಿಸಿ, ಬೆಟ್ಟದ ತುದಿಯ ಮೊಟ್ಟೆಯೊಳಗೆ ಮಲಗಿರುವ ವಿಂಡ್ ಫಿಶ್ ಎಂಬ ಮಹಾಮೀನನ್ನು ಎಬ್ಬಿಸಬೇಕು. ಆಟ ಬಹುದೂರ ಸಾಗಿದ ಮೇಲೆ ಗುಡಿಯೊಂದರ ಗೋಡೆಯ ಮೇಲಿನ ಚಿತ್ರಬರಹ ನಿಜವನ್ನು ತಿಳಿಸುತ್ತದೆ: ಈ ದ್ವೀಪ, ಈ ಜನ, ಎಲ್ಲವೂ ಆ ಮೀನಿನ ಕನಸು. ಅದು ಎಚ್ಚರಗೊಂಡ ಕ್ಷಣ ಇವರಲ್ಲಿ ಯಾರೂ ಉಳಿಯುವುದಿಲ್ಲ. ಆದರೂ ಎಬ್ಬಿಸದೆ ಆಟ ಮುಗಿಯದು. ಹಾಗೆ ಎಬ್ಬಿಸಿದರೆ ಮ್ಯಾರಿನ್‌ಗೆ ಅನ್ಯಾಯವಾಗುತ್ತದೆಯೇ? ಆಗುತ್ತದೆ ಎಂಬುದು ನನ್ನ ವಾದ.

‘ಕನಸು ತಾನೇ, ಇಲ್ಲದವರಿಗೆ ಎಂಥ ಅನ್ಯಾಯ’ ಎಂಬುದು ಥಟ್ಟನೆ ಬರುವ ಉತ್ತರ. ಇದಕ್ಕೆ ಅದ್ವೈತದ ಆಚಾರ್ಯ ಗೌಡಪಾದರ ಮಾಂಡೂಕ್ಯಕಾರಿಕೆಯ ಬೆಂಬಲವಿದೆ ಎಂದು ತೋರಬಹುದು, ಏಕೆಂದರೆ ಕನಸಿನ ವಸ್ತುಗಳು ಮಿಥ್ಯೆ ಎಂಬುದನ್ನು ಅವರು ಯುಕ್ತಿಯಿಂದ ಸಾಧಿಸುತ್ತಾರೆ. ಆದರೆ ಅವರು ಅಲ್ಲಿಗೇ ನಿಲ್ಲುವುದಿಲ್ಲ. ಅದೇ ಯುಕ್ತಿಯನ್ನು ಎಚ್ಚರದ ಜಗತ್ತಿಗೂ ಹಚ್ಚುತ್ತಾರೆ. ಮ್ಯಾರಿನ್ ಮಿಥ್ಯೆಯಾದ್ದರಿಂದ ಅವಳ ಬಗ್ಗೆ ನಮಗೆ ಹೊಣೆಯಿಲ್ಲ ಎನ್ನುವವರು ಪಕ್ಕದ ಮನೆಯವರ ಬಗೆಗೂ ಅದನ್ನೇ ಹೇಳಬೇಕಾಗುತ್ತದೆ. ಯಾವ ಅದ್ವೈತಿಯೂ ಹಾಗೆ ಬದುಕಿಲ್ಲ. ವ್ಯವಹಾರದಲ್ಲಿ ಧರ್ಮ ಉಳಿಯುತ್ತದೆ ಎಂದೇ ಆ ಪರಂಪರೆ ಒತ್ತಿ ಹೇಳಿತು. ಒಂದು ಲೋಕ ಪರಮಾರ್ಥವಲ್ಲ ಎಂದ ಮಾತ್ರಕ್ಕೆ ಅದರೊಳಗಿನ ಋಣ ತೀರುವುದಿಲ್ಲ.

ನನಗೆ ಹೆಚ್ಚು ಹಿಡಿಸುವುದು ಉಡುಪಿಯ ಮಧ್ವಾಚಾರ್ಯರ ದಾರಿ. ಕನಸಿನ ವಸ್ತುಗಳು ಮನಸ್ಸಿನ ವಾಸನೆಗಳಿಂದ, ಅಂದರೆ ಹಿಂದಿನ ಅನುಭವಗಳ ಸಂಸ್ಕಾರಗಳಿಂದ, ರೂಪುಗೊಂಡ ನಿಜವಾದ ವಸ್ತುಗಳೇ. ಅವನ್ನು ಎಚ್ಚರದ ವಸ್ತುಗಳೆಂದು ಬಗೆಯುವುದಷ್ಟೇ ಭ್ರಮೆ ಎನ್ನುತ್ತಾರೆ ಅವರು. ಅವರಿಗಿಂತ ಮೊದಲೇ ರಾಮಾನುಜರು, ಆಯಾ ಜೀವನ ಕರ್ಮಕ್ಕೆ ತಕ್ಕಂತೆ, ಅವನೊಬ್ಬನ ಅನುಭವಕ್ಕಾಗಿ, ಆ ಹೊತ್ತಿಗೆ ಮಾತ್ರ ಇರುವಂತೆ ಈಶ್ವರನೇ ಕನಸನ್ನು ಸೃಷ್ಟಿಸುತ್ತಾನೆ ಎಂದಿದ್ದರು. ಇಬ್ಬರ ಮಾತಿನಲ್ಲೂ ಅಲ್ಪಕಾಲ ಇರುವುದು ಬೇರೆ, ಸುಳ್ಳಾಗಿರುವುದು ಬೇರೆ. ಮಧ್ವರಲ್ಲಂತೂ ಇಡೀ ಜಗತ್ತು ಪರತಂತ್ರ, ಹರಿಯೊಬ್ಬನೇ ಸ್ವತಂತ್ರ. ಹಾಗೆಂದು ಜಗತ್ತು ಸುಳ್ಳಾಗುವುದಿಲ್ಲ. ಕೊಹೊಲಿಂಟ್ ಮೀನಿನ ನಿದ್ದೆಯನ್ನು ಆಶ್ರಯಿಸಿದೆ ಎಂಬುದು ಅದರ ಪಾರತಂತ್ರ್ಯಕ್ಕೆ ಸಾಕ್ಷಿ, ಶೂನ್ಯತೆಗಲ್ಲ. ಕನಸಿನಲ್ಲಿ ಕಂಡವರು ಬೇರೆ ಬೇರೆ ಜೀವರು ಎಂಬ ಮಾತನ್ನು ಮಾತ್ರ ಈ ಆಚಾರ್ಯರ ಮೇಲೆ ಹೊರಿಸಲಾರೆ. ಆ ಹೆಜ್ಜೆ ನನ್ನದು, ಅದಕ್ಕೆ ಆಧಾರ ಆಟದಲ್ಲೇ ಇದೆ.

ಆ ದ್ವೀಪದಲ್ಲಿ ಯಾವಾಗಿನಿಂದ ಇದ್ದೀರಿ ಎಂಬ ಪ್ರಶ್ನೆಯೇ ಊರಿನ ಹುಡುಗನೊಬ್ಬನಿಗೆ ಅರ್ಥವಾಗುವುದಿಲ್ಲ. ಕಾಲದ ಕಲ್ಪನೆಯೇ ಅವನ ತಲೆ ಕೆಡಿಸುತ್ತದೆ. ಕನಸಿನ ಮನುಷ್ಯನಿಂದ ನಾವು ನಿರೀಕ್ಷಿಸುವುದೂ ಇದನ್ನೇ. ಆದರೆ ಮ್ಯಾರಿನ್ ಹಾಗಿಲ್ಲ. ಸಮುದ್ರದಾಚೆ ಏನಿದೆ ಎಂದು ತಿಳಿಯುವ ಹಂಬಲ ಅವಳಿಗೆ. ಕಡಲಹಕ್ಕಿಯಾಗಿ ದೂರ ಹಾರಿಹೋಗುವ ಆಸೆ. ಕನಸು ಕಾಣುವವನ ಎಲ್ಲೆಯನ್ನೇ ದಾಟಬಯಸುವ ಈ ಆಸೆ ಆ ಮೀನಿನದೆಂದು ಹೇಳುವುದು ಕಷ್ಟ, ಅದು ಅವಳದೇ. ಇನ್ನು ಅಲ್ಲಿನ ನೀತಿ. ಅಂಗಡಿಯಿಂದ ದುಡ್ಡು ಕೊಡದೆ ಸಾಮಾನು ಎತ್ತಿಕೊಂಡು ಓಡಿದರೆ, ಅಂದಿನಿಂದ ಊರವರೆಲ್ಲ ಲಿಂಕನನ್ನು ಕಳ್ಳ ಎಂದೇ ಕರೆಯುತ್ತಾರೆ. ಮತ್ತೆ ಆ ಅಂಗಡಿಗೆ ಕಾಲಿಟ್ಟರೆ ಅಂಗಡಿಯವನು ಕೊಂದೇಬಿಡುತ್ತಾನೆ. ಮಾಡಿದ್ದಕ್ಕೆ ಫಲ ತೆರಬೇಕಾದ ಲೋಕವನ್ನು ಬರಿಯ ತೋರಿಕೆ ಎಂದು ತಳ್ಳಿಹಾಕುವುದು ಅಷ್ಟು ಸುಲಭವಲ್ಲ.

ಇವೆಲ್ಲ ಪರದೆಯ ಚುಕ್ಕಿಗಳು, ಮ್ಯಾರಿನ್‌ಗೆ ನೋವೇ ಆಗುವುದಿಲ್ಲ ಎನ್ನಬಹುದು. ಯಂತ್ರದೊಳಗೆ ನೋಯುವವರು ಯಾರೂ ಇಲ್ಲ, ನಿಜ. ಆದರೆ ಕಥೆ ಇಲ್ಲಿ ದೃಷ್ಟಾಂತದ ಕೆಲಸ ಮಾಡುತ್ತದೆ. ಹಗ್ಗವನ್ನು ಹಾವೆಂದು ಭ್ರಮಿಸುವ ವೇದಾಂತದ ದೃಷ್ಟಾಂತಕ್ಕೆ ನಿಜವಾದ ಹಾವನ್ನು ಯಾರೂ ತಂದು ತೋರಿಸಬೇಕಾಗಿಲ್ಲ. ಮತ್ತೊಂದು ಆಕ್ಷೇಪ ಇದಕ್ಕಿಂತ ಬಲವಾದುದು: ಕನಸನ್ನು ಆಗಲೇ ದುಃಸ್ವಪ್ನದ ರಾಕ್ಷಸರು ಆಕ್ರಮಿಸಿದ್ದಾರೆ, ಮೀನು ಮಲಗಿಯೇ ಇರಲಿ ಎಂಬುದು ಅವರದೇ ಬಯಕೆ, ಆದ್ದರಿಂದ ಎಬ್ಬಿಸುವುದೇ ಸರಿ. ಒಪ್ಪುತ್ತೇನೆ. ಆದರೆ ಮಾಡಬೇಕಾದ ಕೆಲಸವಾದರೂ ಅದರ ನಷ್ಟ ನಷ್ಟವೇ. ಕನಸಿಗೆ ಕೊನೆ ಸಹಜ, ದ್ವೀಪ ನೆನಪಿನಲ್ಲಿ ಉಳಿಯುತ್ತದೆ ಎಂದು ಕೊನೆಗೆ ಮೀನು ಸಮಾಧಾನ ಹೇಳುತ್ತದೆ. ಅದು ಎದ್ದವನಿಗೆ ದೊರೆಯುವ ಸಮಾಧಾನ. ಅಳಿದುಹೋದವಳನ್ನು ಯಾರೂ ಕೇಳಲಿಲ್ಲ. ಆಟವನ್ನು ಮತ್ತೆ ಮೊದಲಿನಿಂದ ಶುರುಮಾಡಿದರೆ ಸಿಗುವವಳೂ ಲಿಂಕನನ್ನು ಹೊಸದಾಗಿ ಕಾಣುವ ಇನ್ನೊಬ್ಬಳು ಮ್ಯಾರಿನ್.

ಇಷ್ಟನ್ನು ಮರೆಮಾಚದೆ ತೋರಿಸುವುದರಲ್ಲೇ ಈ ಆಟದ ಹಿರಿಮೆಯಿದೆ. ಒಂದು ಕಡೆ ಮಾತ್ರ ಅದು ಸಡಿಲಗೊಳ್ಳುತ್ತದೆ: ಒಮ್ಮೆಯೂ ಸಾಯದೆ ಆಟ ಮುಗಿಸಿದವರಿಗೆ, ಮ್ಯಾರಿನ್‌ಳ ಆಸೆ ಈಡೇರಿತೆಂದು ಸೂಚಿಸುವ ದೃಶ್ಯವೊಂದನ್ನು ಕೊನೆಯಲ್ಲಿ ತೋರಿಸುತ್ತದೆ. ಇದು ನನಗೆ ಸರಿಕಾಣದು. ಅವಳ ಉಳಿವು ಅವಳಿಗೆ ಸಲ್ಲಬೇಕಾದುದು. ಆಡುವವರ ಕೈಚಳಕಕ್ಕೆ ಕೊಡುವ ಬಹುಮಾನವಾಗಿ ಅದನ್ನು ಇಟ್ಟರೆ, ಅಷ್ಟು ಹೊತ್ತು ವ್ಯಕ್ತಿಯಾಗಿದ್ದವಳು ಮತ್ತೆ ಇನ್ನೊಬ್ಬರ ಕನಸಿನ ವಸ್ತುವಾಗಿಬಿಡುತ್ತಾಳೆ.